ಆಪಿನ ಪೆಟ್ಟಿಗೆ ಮತ್ತು ಕೆಂಪು ಬೊಟ್ಟು: ಮಕ್ಕಳ ಹಳೆಯ ಧಾರ್ಮಿಕ ಪುಸ್ತಕಗಳ ಕೆತ್ತನೆಚಿತ್ರಗಳು



ಮರಳೂರಿನವನಾದ ನನ್ನನ್ನೇ ಕರೆದು ಊರಿನ ಕಾಲೇಜಿನಲ್ಲಿ ಮಾತನಾಡಿ ಎನ್ನುವುದು ದೊಡ್ಡ ವಿಶ್ವಾಸದ ಕೆಲಸ. ನಾನು ಮೂರು ದಶಕ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಸಂಶೋಧಕನೆಂದು ಹೇಳಿಕೊಳ್ಳುವ ಯೋಗ್ಯತೆ ನನಗಿಲ್ಲ. ಆದರೆ ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡಬೇಕು ಎಂಬುದು ಗೊತ್ತಿದೆ ಎಂದು ನಂಬಿದ್ದೇನೆ. ಆ ಒಂದು ಅಭ್ಯಾಸದ ಬಲದ ಮೇಲೆ ನಿಮ್ಮ ಮುಂದೆ ನಿಂತಿದ್ದೇನೆ.

ಈ ಉಪನ್ಯಾಸಕ್ಕೆ ಕಾರಣವಾದ ಪುಸ್ತಕ ನನ್ನ ಕೈಯಲ್ಲಿದೆ. ಹಲವು ವರ್ಷಗಳ ಹಿಂದೆ ತುಮಕೂರಿನ ಹಳೇ ಪೇಪರ್ ಅಂಗಡಿಯ ತಕ್ಕಡಿಯ ಪಕ್ಕದಲ್ಲಿ ಸಿಕ್ಕಿತು. ಹೊದಿಕೆ ಇಲ್ಲ, ಮುಖಪುಟ ಇಲ್ಲ, ಎಲ್ಲಿ ಅಚ್ಚಾಯಿತೆಂದು ಹೇಳುವ ಹಾಳೆಯೂ ಇಲ್ಲ. ಕನ್ನಡದಲ್ಲಿ ಮಕ್ಕಳಿಗಾಗಿ ಹೇಳಿದ ಸತ್ಯವೇದದ ಕಥೆಗಳು. ನಡುನಡುವೆ ಮರದಚ್ಚಿನಿಂದ ತೆಗೆದ ಚಿತ್ರಗಳು. ಒಂದು ಪುಟದಲ್ಲಿ ಶಿಶು ಮೋಶೆಯನ್ನು ಹೊಳೆಯಿಂದ ಎತ್ತುವ ಚಿತ್ರ. ನೀರಂಚಿನಲ್ಲಿ ಬಾಗಿ ನಿಂತ ಫರೋಹನ ಮಗಳ ಹಣೆಯ ಮೇಲೆ ಒಂದು ಕೆಂಪು ಚುಕ್ಕೆ ಇದೆ. ಅದು ಅಚ್ಚಿನದಲ್ಲ. ಯಾವುದೋ ಮಗು ಕೆಂಪು ಪೆನ್ಸಿಲನ್ನು ಒತ್ತಿ ಹಿಡಿದು ಆ ರಾಜಕುಮಾರಿಗೆ ಬೊಟ್ಟು ಇಟ್ಟಿದೆ.

ಈ ಬೊಟ್ಟು ನನ್ನನ್ನು ಬಹಳ ದಿನ ಕಾಡಿದೆ. ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಚಿತ್ರ ಹೇಗೆ ತಯಾರಾಗುತ್ತಿತ್ತು, ಅದು ಕನ್ನಡ ನಾಡಿಗೆ ಯಾವ ದಾರಿಯಲ್ಲಿ ಬಂತು, ಇಲ್ಲಿನ ಮಕ್ಕಳು ಅದನ್ನು ಹೇಗೆ ಓದಿಕೊಂಡಿರಬೇಕು, ನಮ್ಮಲ್ಲೇ ಇದ್ದ ಕೆತ್ತನೆಗಾರರು ಆ ಹೊತ್ತಿನಲ್ಲಿ ಎಲ್ಲಿದ್ದರು ಎಂಬ ನಾಲ್ಕು ಸಂಗತಿಗಳು. ಕೊನೆಯಲ್ಲಿ ಈ ಪುಸ್ತಕಗಳನ್ನು ಉಳಿಸಿಕೊಳ್ಳುವ ಬಗ್ಗೆ ಎರಡು ಮಾತು.

ಮೊದಲು ಚಿತ್ರದ ಹುಟ್ಟು. ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಕೆತ್ತಿದ ಚಿತ್ರ ಎಂದರೆ ಎರಡು ಬಗೆ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಕೊರೆದ ಹಳ್ಳದೊಳಗೆ ಮಸಿ ತುಂಬಿ, ಒದ್ದೆ ಕಾಗದವನ್ನು ಬಲವಾಗಿ ಒತ್ತಿ ತೆಗೆಯುವುದು ಒಂದು. ಇದರಲ್ಲಿ ಅತಿ ಸೂಕ್ಷ್ಮ ಗೆರೆ ಬರುತ್ತದೆ. ಆದರೆ ಅದಕ್ಕೆ ಬೇರೆಯದೇ ಯಂತ್ರ ಬೇಕು. ಅಕ್ಷರದ ಮೊಳೆಗಳ ಜೊತೆ ಒಂದೇ ಪುಟದಲ್ಲಿ, ಒಂದೇ ಒತ್ತಿಗೆ ಅದನ್ನು ಅಚ್ಚು ಹಾಕಲಾಗುವುದಿಲ್ಲ. ಹೀಗಾಗಿ ಖರ್ಚು ಹೆಚ್ಚು. ಇನ್ನೊಂದು ಮರದಚ್ಚು. ಇಲ್ಲಿ ಲೆಕ್ಕ ತಿರುಗುಮುರುಗು. ಉಳಿ ತಾಗಿದ ಜಾಗ ತಗ್ಗಿ ಬಿಳಿಯಾಗುತ್ತದೆ, ಉಳಿ ಬಿಟ್ಟ ಜಾಗ ಎತ್ತರದಲ್ಲಿ ನಿಂತು ಮಸಿ ಹಿಡಿಯುತ್ತದೆ. ಅಕ್ಷರದ ಮೊಳೆಯೂ ಹೀಗೆಯೇ ಕೆಲಸ ಮಾಡುವುದು. ಆದ್ದರಿಂದ ಮರದ ಬ್ಲಾಕನ್ನು ಮೊಳೆಯಷ್ಟೇ ಎತ್ತರಕ್ಕೆ ಕೊಯ್ದು, ಮೊಳೆಗಳ ಪಕ್ಕದಲ್ಲೇ ಕಟ್ಟಿ, ಕಥೆಯನ್ನೂ ಚಿತ್ರವನ್ನೂ ಒಟ್ಟಿಗೆ ಅಚ್ಚು ಹಾಕಬಹುದು. ಮಕ್ಕಳ ಅಗ್ಗದ ಪುಸ್ತಕಕ್ಕೆ ಚಿತ್ರ ದಕ್ಕಿದ್ದು ಈ ಸಣ್ಣ ಅನುಕೂಲದಿಂದ.

ಮಕ್ಕಳಿಗೂ ಧರ್ಮದ ಕಥೆಗೂ ಮರದಚ್ಚಿಗೂ ನಂಟು ಹಳೆಯದು. ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ 1529ರಲ್ಲಿ ತನ್ನ ಪ್ರಾರ್ಥನಾ ಪುಸ್ತಕಕ್ಕೆ 50 ಮರದಚ್ಚಿನ ಚಿತ್ರಗಳ ಒಂದು ಭಾಗವನ್ನು ಸೇರಿಸಿದ. ಮಕ್ಕಳನ್ನೂ ಓದು ಬಾರದ ಸಾಮಾನ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲಸ ಅದು. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞ ಮಕ್ಕಳಿಗಾಗಿ ತಂದ ಚಿತ್ರಪುಸ್ತಕದಲ್ಲಿ 150 ಪಾಠಗಳಿವೆ. ಬ್ರೆಡ್ಡು ಮಾಡುವುದು, ಬಟ್ಟೆ ನೇಯುವುದು, ಹಕ್ಕಿ, ಮೀನು ಎಲ್ಲವೂ ಅದರಲ್ಲಿದ್ದರೂ ಮೊದಲ ಪಾಠ ದೇವರು, ಕಡೆಯ ಪಾಠ ಅಂತಿಮ ನ್ಯಾಯತೀರ್ಪು. ಆದರೆ ಆ ಕಾಲದ ಮರದಚ್ಚು ಒರಟು. ಮರವನ್ನು ಉದ್ದಕ್ಕೆ ಸೀಳಿದ ಹಲಗೆಯ ಮೇಲೆ ಚಾಕುವಿನಿಂದ ಕೆತ್ತುತ್ತಿದ್ದರು. ಎಳೆಗೆ ಅಡ್ಡವಾಗಿ ಹೋದರೆ ಮರ ಸಿಬಿರೇಳುತ್ತಿತ್ತು.

ಇಂಗ್ಲೆಂಡಿನ ನ್ಯೂಕಾಸಲ್ ಊರಿನ ಥಾಮಸ್ ಬ್ಯುಯಿಕ್ 18ನೆಯ ಶತಮಾನದ ಕೊನೆಯಲ್ಲಿ ಬೇರೊಂದು ದಾರಿಯನ್ನು ಗಟ್ಟಿಮಾಡಿದ. ಬಾಕ್ಸ್‌ವುಡ್ ಎಂಬ ಗಟ್ಟಿ, ನುಣುಪು ಮರವನ್ನು ಅಡ್ಡಕ್ಕೆ ಕೊಯ್ದು, ಬಳೆಬಳೆಯಾಗಿ ಕಾಣುವ ಆ ಮುಖದ ಮೇಲೆ ಮೊನಚಾದ ಉಳಿಯಿಂದ ಗೆರೆ ಎಳೆಯುವುದು. ಅಲ್ಲಿ ಎಳೆಯ ಅಡ್ಡಿ ಇಲ್ಲ. ಗೆರೆ ಯಾವ ದಿಕ್ಕಿಗೆ ಬೇಕಾದರೂ ಸಾಗುತ್ತದೆ. ನಮ್ಮ ಚನ್ನಪಟ್ಟಣದ ಗೊಂಬೆ ಮಾಡುವವರು ಆಲೆ ಮರವನ್ನು ಏಕೆ ಆರಿಸುತ್ತಾರೆ ಎಂದು ಬಲ್ಲವರಿಗೆ ಈ ಮಾತು ತಟ್ಟನೆ ಅರ್ಥವಾದೀತು. ಮರದ ಗುಣ ಗೊತ್ತಿಲ್ಲದವನು ಅದರ ಮೇಲೆ ಗೆರೆ ಎಳೆಯಲಾರ.

ಕೆತ್ತುವವನ ಮೇಜನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಮರಳು ತುಂಬಿದ ಒಂದು ದುಂಡನೆಯ ತೊಗಲಿನ ದಿಂಬು. ಅದರ ಮೇಲೆ ಬ್ಲಾಕು. ಬಾಗಿದ ಗೆರೆ ಬೇಕಾದಾಗ ಅವನು ಉಳಿಯನ್ನು ತಿರುಗಿಸುವುದಿಲ್ಲ, ಎಡಗೈಯಿಂದ ಬ್ಲಾಕನ್ನೇ ದಿಂಬಿನ ಮೇಲೆ ತಿರುಗಿಸುತ್ತಾನೆ. ರಾತ್ರಿಯಾದರೆ ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆ. ಬೆಳಕು ಅದರ ಮೂಲಕ ಹಾದು ಬ್ಲಾಕಿನ ಮೇಲೆ ಒಂದೇ ಕಡೆ ಬೀಳುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಿಸಿಯೇ ಕೆತ್ತಬೇಕು. ಆಕಾಶಕ್ಕೆ ಸಮಾನಾಂತರ ಗೆರೆ, ಬಟ್ಟೆಯ ಮಡಿಕೆಗೆ ಬಾಗಿದ ಗೆರೆ, ನೆರಳಿಗೆ ಗೆರೆಯ ಮೇಲೆ ಅಡ್ಡಗೆರೆ. ಒಂದು ಗೆರೆ ತಪ್ಪಿದರೆ ಒರೆಸುವಂತಿಲ್ಲ. ಆ ಜಾಗವನ್ನು ಕೊರೆದು, ಹೊಸ ಮರದ ಬೆಣೆ ಬಡಿದು, ಮತ್ತೆ ಕೆತ್ತಬೇಕು.

ನನ್ನ ಕೈಯಲ್ಲಿರುವ ಪುಸ್ತಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಜಲಪ್ರಳಯದ ಚಿತ್ರದ ಆಕಾಶದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಕೂದಲಿನಷ್ಟು ಬಿಳಿ ಗೆರೆ ಹಾದುಹೋಗಿದೆ. ಚಿಕ್ಕ ಮಕ್ಕಳಿಗೆ ತೋರಿಸಿದಾಗ ಮಿಂಚು ಎನ್ನುತ್ತಾರೆ. ಅದು ಮಿಂಚಲ್ಲ, ಬ್ಲಾಕಿನ ಬೆಸುಗೆ. ಬಾಕ್ಸ್‌ವುಡ್ ಮರ ದಪ್ಪವಾಗಿ ಬೆಳೆಯುವುದಿಲ್ಲ. ದೊಡ್ಡ ಚಿತ್ರ ಬೇಕೆಂದರೆ ಹಲವು ಬಿಲ್ಲೆಗಳನ್ನು ಸೇರಿಸಿ ತಿರುಪಿನಿಂದ ಬಿಗಿಯಬೇಕು. ಕಾಲ ಕಳೆದು ಮರ ಒಣಗಿ ಸಂದು ಬಿಟ್ಟರೆ, ಮಸಿ ಹತ್ತದ ಆ ಸಂದು ಬಿಳಿ ಗೆರೆಯಾಗಿ ಮೂಡುತ್ತದೆ. ಅವಸರದ ಕೆಲಸಕ್ಕೆ ಬಿಲ್ಲೆಗಳನ್ನು ಬಿಡಿಸಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದನ್ನು ಹಂಚುತ್ತಿದ್ದ ಕಾರ್ಯಾಗಾರಗಳಿದ್ದವು. ಹಾಗೆ ಹಂಚಿಕೊಂಡವರಲ್ಲಿ ಒಬ್ಬನ ಹೆಸರೂ ಪುಸ್ತಕದಲ್ಲಿ ಇರುವುದಿಲ್ಲ. ಮೂಲೆಯಲ್ಲಿ ಕಾರ್ಯಾಗಾರದ ಎರಡಕ್ಷರ ಇದ್ದರೆ ಅದೇ ಹೆಚ್ಚು. ನಮ್ಮ ಗುಡಿಗಳ ಕಂಬ ಕೆತ್ತಿದ ಎಷ್ಟೋ ಕೈಗಳ ಪಾಡೂ ಇದೇ ಅಲ್ಲವೇ? ಕೈದಾಳದ ಚೆನ್ನಕೇಶವನ ಮುಂದೆ ನಿಂತಾಗ ನಮಗೆ ಜಕಣಾಚಾರಿ ಎಂಬ ಒಂದು ಹೆಸರಾದರೂ ಇದೆ. ಈ ಪುಸ್ತಕಗಳ ಉಳಿಗಾರರಿಗೆ ಅಂಥ ಐತಿಹ್ಯವೂ ಇಲ್ಲ.

ಈಗ ಎರಡನೆಯ ಸಂಗತಿಗೆ ಬರುತ್ತೇನೆ. ಈ ಚಿತ್ರಗಳು ನಮ್ಮ ಕಡೆಗೆ ಬಂದ ದಾರಿ.

ನಮ್ಮ ತುಮಕೂರು ಜಿಲ್ಲೆಯಿಂದಲೇ ಆರಂಭಿಸೋಣ. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಹಾಕಿದರು. ಮುಂದೆ ಕನ್ನಡಕ್ಕೆ ಒಂದು ವ್ಯಾಕರಣವನ್ನೂ ಬರೆದರು. ಎರಡು ವರ್ಷದ ನಂತರ ಬಂದ ವಿಲಿಯಂ ಆರ್ಥರ್ ಎಂಬ ತರುಣ ಆರೋಗ್ಯ ಕೆಟ್ಟು ಬೇಗನೆ ಮರಳಿದರೂ, ತನ್ನ ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕ ಮಾಡಿದರು. ಕುಣಿಗಲ್ ಕೂಡ ಆ ಮಿಷನ್ನಿನ ಆರಂಭದ ಠಾಣೆಗಳಲ್ಲೊಂದು. ಅವರ ಅಚ್ಚುಕೂಟ ಇದ್ದದ್ದು ಬೆಂಗಳೂರಿನಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದ ಜಾನ್ ಗ್ಯಾರೆಟ್ 1840ರ ದಶಕದಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಸೇರಿಸಿ ಭಗವದ್ಗೀತೆಯನ್ನು ಅಚ್ಚು ಹಾಕಿಸಿದವರು. ಆ ಕಾಲದ ಅಚ್ಚುಕೂಟಗಳ ಬಗ್ಗೆ ಮಾತನಾಡುವಾಗ ಇಂಥ ಸಂಗತಿಗಳನ್ನು ಮರೆಯಬಾರದು.

ಪಶ್ಚಿಮದ ಕಡೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಅಚ್ಚುಕೂಟ ತೆರೆಯಿತು. ಹೆರ್ಮನ್ ಮೋಗ್ಲಿಂಗ್ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನೂ ಅದನ್ನು ಬಲ್ಲ ಕೆಲಸಗಾರರನ್ನೂ ತಂದರು. ಮತ್ತಾಯನ ಸುವಾರ್ತೆ ತುಳು ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ 1842ರಲ್ಲಿ ಬಂದದ್ದು, 1843ರ ಜುಲೈ 1ರಂದು ಮಂಗಳೂರು ಸಮಾಚಾರ ಹುಟ್ಟಿದ್ದು ಇದೇ ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಜಿಡ್ಡುಮಸಿಯಿಂದ ಬರೆದದ್ದೇ ಅಚ್ಚು. ಅಲ್ಲಿ ಅಕ್ಷರ, ಚಿತ್ರ ಎಂಬ ಭೇದವಿಲ್ಲ, ಉಳಿಯೂ ಬೇಕಿಲ್ಲ. ಮೊಳೆಯ ಅಚ್ಚು ಬಂದ ಮೇಲೆ ಚಿತ್ರಕ್ಕೆ ಬ್ಲಾಕು ಬೇಕಾಯಿತು. ಆ ಬ್ಲಾಕು ಇಲ್ಲಿ ಹುಟ್ಟಲಿಲ್ಲ.

ಅದರ ತವರು ಹುಡುಕಿದರೆ ನಾವು ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿಗೆ ಹೋಗಬೇಕಾಗುತ್ತದೆ. ಅದರ ಹತ್ತಿರದ ಹಳ್ಳಿಯೊಂದರ ಪಾದ್ರಿ ಕ್ರಿಶ್ಚಿಯನ್ ಗಾಟ್ಲೋಬ್ ಬಾರ್ಟ್ 1832ರಲ್ಲಿ ಮಕ್ಕಳಿಗಾಗಿ ಬೈಬಲ್ ಕಥೆಗಳ ಒಂದು ಪುಸ್ತಕ ಬರೆದರು. ಹಳೆಯ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52 ಕಥೆಗಳು. ವಾರಕ್ಕೊಂದರಂತೆ ಎರಡು ವರ್ಷದ ಓದು. ಸಣ್ಣ ಸಣ್ಣ ಚಿತ್ರಗಳು, ಸಣ್ಣ ಬೆಲೆ. ಅದು ಲೋಕದ ಹತ್ತಾರು ಭಾಷೆಗಳಿಗೆ ಹೋಯಿತು. ಬಾಸೆಲ್ ಮಿಷನ್ನಿನವರ ಕೈಯಲ್ಲಿ ಕನ್ನಡಕ್ಕೂ ಬಂತು. ತಲಶ್ಶೇರಿಯಲ್ಲಿ ಮಲಯಾಳಂ ನಿಘಂಟಿಗಾಗಿ ದುಡಿದ ಹೆರ್ಮನ್ ಗುಂಡರ್ಟ್, ಮೋಗ್ಲಿಂಗರ ಆಪ್ತಮಿತ್ರರು, ಊರಿಗೆ ಮರಳಿದ ಮೇಲೆ 1862ರಲ್ಲಿ ಬಾರ್ಟ್ ತೀರಿಕೊಂಡಾಗ ಅವರು ಕಾಲ್ವ್‌ನಲ್ಲಿ ನಡೆಸುತ್ತಿದ್ದ ಪ್ರಕಾಶನವನ್ನು ವಹಿಸಿಕೊಂಡರು. ಗುಂಡರ್ಟರ ಮೊಮ್ಮಗ, ಕಾದಂಬರಿಕಾರ ಹೆರ್ಮನ್ ಹೆಸ್ಸೆ 1877ರಲ್ಲಿ ಹುಟ್ಟಿದ್ದು ಆ ಕಾಲ್ವ್‌ನಲ್ಲಿಯೇ. ಹೀಗೆ ಕರಾವಳಿಗೂ ಆ ಊರಿಗೂ ಮಾತು, ಮನುಷ್ಯರು, ಚಿತ್ರ ಎಲ್ಲವೂ ಹೋಗಿಬಂದು ಮಾಡುತ್ತಿದ್ದವು.

ಚಿತ್ರ ಹೇಗೆ ಪ್ರಯಾಣ ಮಾಡಿತು ಎಂಬುದು ಇಲ್ಲಿ ಮುಖ್ಯ. ಮರದ ಮೂಲ ಬ್ಲಾಕನ್ನು ಯಾರೂ ಹಡಗಿಗೆ ಹಾಕುತ್ತಿರಲಿಲ್ಲ. ಮೇಣದಲ್ಲಿ ಅದರ ಪಡಿಯಚ್ಚು ತೆಗೆದು, ಅದಕ್ಕೆ ಕಪ್ಪುಸೀಸದ ಪುಡಿ ಬಳಿದು, ಮೈಲುತುತ್ತದ ದ್ರಾವಣದಲ್ಲಿ ಇಳಿಬಿಟ್ಟು ವಿದ್ಯುತ್ ಹರಿಸಿದರೆ ಮೇಣದ ಮೇಲೆ ತಾಮ್ರದ ತೆಳು ಪದರ ಕೂರುತ್ತದೆ. ಅದನ್ನು ಬಿಡಿಸಿ, ಹಿಂದೆ ಸೀಸ ಹೊಯ್ದು, ಮರದ ತುಂಡಿಗೆ ಬಡಿದರೆ ಮೂಲದಷ್ಟೇ ಸೂಕ್ಷ್ಮವಾದ ಇನ್ನೊಂದು ಬ್ಲಾಕು ಸಿದ್ಧ. 1840ರ ನಂತರ ಈ ವಿಧಾನ ಬೇಗ ಹಬ್ಬಿತು. ಒಂದು ಮರದಿಂದ ಎಷ್ಟು ಮಕ್ಕಳು ಬೇಕಾದರೂ ಹುಟ್ಟಬಹುದು. ಲಂಡನ್ನಿನಲ್ಲಿ 1799ರಲ್ಲಿ ಹುಟ್ಟಿದ ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿಯಂಥ ಸಂಸ್ಥೆಗಳು ಹೀಗೆ ಬ್ಲಾಕುಗಳನ್ನು ದೇಶದೇಶಕ್ಕೆ ಕಳಿಸಿದವು. ಮದರಾಸಿನಲ್ಲಿ ಕುಳಿತು ಭಾರತದ ಭಾಷೆಗಳಿಗಾಗಿ ಅಗ್ಗದ ಪಠ್ಯ, ಕಥೆಪುಸ್ತಕಗಳನ್ನು ತಂದ ಜಾನ್ ಮರ್ಡಾಕ್ ಇಂಥ ಬಳಸಿದ ಬ್ಲಾಕುಗಳನ್ನು ಬಹಳವಾಗಿ ಅವಲಂಬಿಸಿದ್ದರು. ಹೊಸ ಚಿತ್ರ ಕೆತ್ತಿಸುವ ಖರ್ಚಿಗೆ ಹೋದರೆ ಪುಸ್ತಕ ಹಳ್ಳಿಯ ಹುಡುಗನ ಕೈಗೆ ಸಿಗುವ ಬೆಲೆಯಲ್ಲಿ ಉಳಿಯುತ್ತಿರಲಿಲ್ಲ.

ದೊಡ್ಡ ಕಲಾವಿದರ ಹೆಸರುಗಳೂ ಈ ಪ್ರವಾಹದಲ್ಲಿವೆ. ಯೂಲಿಯಸ್ ಷ್ನೋರ್ ಫಾನ್ ಕಾರೋಲ್ಸ್‌ಫೆಲ್ಡ್ 1852ರಿಂದ 1860ರವರೆಗೆ ಲೈಪ್ಸಿಗ್‌ನಲ್ಲಿ ತಂದ ಚಿತ್ರಬೈಬಲಿನಲ್ಲಿ 240 ಮರದಚ್ಚುಗಳಿವೆ. ಗೆರೆ ಸ್ಪಷ್ಟ, ನೆರಳು ಕಡಿಮೆ, ಕಥೆ ಒಂದೇ ನೋಟಕ್ಕೆ ತಿಳಿಯುತ್ತದೆ. 1866ರ ಹೊತ್ತಿಗೆ ಫ್ರಾನ್ಸಿನ ಗುಸ್ತಾವ್ ಡೋರೆಯ ಬೈಬಲು ಬಂತು. ಕಡುಗಪ್ಪು, ಬಿರುಗಾಳಿ, ಬಂಡೆ, ಸಾವಿರ ಜನ. ನನ್ನ ಅಭಿಪ್ರಾಯ ಕೇಳುವುದಾದರೆ, ದೊಡ್ಡವರು ಡೋರೆಯನ್ನು ಬೆರಗಾಗಿ ನೋಡಬಹುದು. ಮಗುವಿಗೆ ಹತ್ತಿರವಾಗುವವನು ಷ್ನೋರ್. ಮಗು ಚಿತ್ರದೊಳಗೆ ಮೊದಲು ಯಾರು, ಏನು ಮಾಡುತ್ತಿದ್ದಾರೆ ಎಂದು ಹುಡುಕುತ್ತದೆ. ಅದಕ್ಕೆ ಉತ್ತರ ಕೊಡದ ಚಿತ್ರ ಎಷ್ಟೇ ಭವ್ಯವಾಗಿದ್ದರೂ ಆ ವಯಸ್ಸಿಗೆ ದೂರವೇ.

ಇಲ್ಲಿಗೆ ಇತಿಹಾಸದ ಭಾಗ ಸಾಕು. ನನಗೆ ಬಹಳ ಮುಖ್ಯವೆನಿಸಿದ ಮೂರನೆಯ ಸಂಗತಿಗೆ ಬಂದಿದ್ದೇನೆ.

ಈ ಪುಸ್ತಕಗಳಲ್ಲಿ ಮಾತು ಅನುವಾದವಾಯಿತು, ಚಿತ್ರ ಅನುವಾದವಾಗಲಿಲ್ಲ. ಉಳಿದುಹೋದ ಆ ಅರ್ಧ ಕೆಲಸವನ್ನು ಮಕ್ಕಳು ಮಾಡಿದರು. ಇಂದು ನಾನು ಹೇಳಬೇಕೆಂದು ಬಂದ ಮಾತು ಇದೇ. ಇದನ್ನು ಕೆಲವು ಚಿತ್ರಗಳ ಮೂಲಕ ವಿವರಿಸುತ್ತೇನೆ.

ಮೋಶೆಯ ತಾಯಿ ಮಗುವನ್ನು ಬಚ್ಚಿಟ್ಟದ್ದು ಯಾವುದರಲ್ಲಿ? ಕನ್ನಡ ಸತ್ಯವೇದ ಅದನ್ನು ಆಪಿನ ಪೆಟ್ಟಿಗೆ ಎನ್ನುತ್ತದೆ. ಎಂಥ ಒಳ್ಳೆಯ ಮಾತು! ಆಪು ಎಂದರೆ ಕೆರೆಯಂಚಿನಲ್ಲಿ ಬೆಳೆಯುವ ಹುಲ್ಲು, ಚಾಪೆ ಹೆಣೆಯುವ ಹುಲ್ಲು. ಮರಳೂರು ಕೆರೆಯ ದಂಡೆಯಲ್ಲಿ ಆಡಿದ ನಮಗೆ ಜೊಂಡು, ಆಪು ಎಂದರೆ ವಿವರಿಸಬೇಕಾಗಿಲ್ಲ. ಅದರ ವಾಸನೆಯೂ ಗೊತ್ತು, ಅದರೊಳಗೆ ಕೂತ ನೀರುಕೋಳಿಯೂ ಗೊತ್ತು. ಅನುವಾದಕರು ಇಲ್ಲಿನ ಕೆರೆಗೆ ಇಳಿದು ಆ ಪದವನ್ನು ಕಿತ್ತು ತಂದಿದ್ದಾರೆ. ಆದರೆ ಅದೇ ಪುಟದ ಚಿತ್ರ ನೋಡಿ. ಹಿನ್ನೆಲೆಯಲ್ಲಿ ಈಜಿಪ್ಟಿನ ಕಂಬಗಳು, ತಾಳೆ ಜಾತಿಯ ಮರಗಳು, ಯೂರೋಪಿನ ಕೆತ್ತನೆಗಾರ ತಾನೂ ಕಂಡಿರದ ನೈಲ್ ನದಿ. ಪದ ಹೇಳಿದ್ದು ಒಂದು ಕೆರೆಯನ್ನು, ಗೆರೆ ತೋರಿಸಿದ್ದು ಇನ್ನೊಂದು ಹೊಳೆಯನ್ನು. ಎರಡನ್ನೂ ಒಂದು ಮಾಡಬೇಕಾದದ್ದು ಓದುವ ಮಗು.

ಬಿತ್ತುವವನ ಸಾಮ್ಯವನ್ನು ತೆಗೆದುಕೊಳ್ಳಿ. ಕೆಲವು ಬೀಜ ದಾರಿಯ ಮಗ್ಗುಲಲ್ಲಿ ಬಿತ್ತು, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ, ಕೆಲವು ಒಳ್ಳೆಯ ನೆಲದಲ್ಲಿ. ಚಿತ್ರದಲ್ಲಿ ಒಬ್ಬ ಉದ್ದ ಹೆಜ್ಜೆ ಹಾಕುತ್ತಾ, ಹೆಗಲಿಗೆ ಇಳಿಬಿಟ್ಟ ಚೀಲದಿಂದ ಬೀಜ ಬಾಚಿ ಎರಚುತ್ತಾನೆ. ಇದನ್ನು ಗುಬ್ಬಿಯ ರಾಗಿ ಹೊಲದ ಮಗು ನೋಡಿದರೆ? ನಮ್ಮಲ್ಲಿ ರಾಗಿ ಬಿತ್ತುವುದು ಕೂರಿಗೆಯಲ್ಲಿ. ಎತ್ತು ಹೂಡಿ, ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾ ಹೋದರೆ ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲು ಸೇರುತ್ತದೆ. ದಾರಿಗೆ ಬೀಳುವುದೆಲ್ಲಿಂದ ಬಂತು? ನಾನು ಶಾಲೆಯಲ್ಲಿ ಈ ಚಿತ್ರ ತೋರಿಸಿದಾಗ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದೇ: ಸಾರ್, ಅವನಿಗೆ ಬೇಸಾಯ ಬರಲ್ವಾ? ಪಕ್ಕದಲ್ಲಿದ್ದ ಹುಡುಗಿ ತಟ್ಟನೆ ಹೇಳಿದಳು: ಅವನು ಹುರುಳಿ ಚೆಲ್ತಿದಾನೆ ಕಣೋ. ಸಮಸ್ಯೆ ಬಗೆಹರಿಯಿತು. ಹುರುಳಿಯನ್ನು ನಾವೂ ಕೈಯಿಂದ ಚೆಲ್ಲಿ ಬಿತ್ತುತ್ತೇವೆ. ಗೋಧಿಯ ನಾಡಿನ ಚಿತ್ರ ಆ ಕ್ಷಣದಲ್ಲಿ ಹುರುಳಿಯ ಹೊಲವಾಯಿತು. ಇದಕ್ಕಿಂತ ಒಳ್ಳೆಯ ಅನುವಾದವನ್ನು ನಾನು ಕಂಡಿಲ್ಲ.

ಒಳ್ಳೆಯ ಕುರುಬನ ಚಿತ್ರದಲ್ಲಿ ಉಣ್ಣೆ ಉಬ್ಬಿದ, ಮೋಡದಂಥ ಬಿಳಿ ಕುರಿಗಳು. ನಮ್ಮ ಶಿರಾ, ಪಾವಗಡದ ಕಡೆಯ ಕುರಿ ಬೇರೆ. ಕಪ್ಪು, ಕಂದು, ಉದ್ದ ಕಾಲು, ಬಿಸಿಲಿಗೆ ಒಗ್ಗಿದ ಮೈ. ಹೆಗಲಿನ ಮೇಲೆ ಕಂಬಳಿ ಇಲ್ಲದ ಕುರುಬ ನಮ್ಮ ಮಕ್ಕಳಿಗೆ ಅಪರಿಚಿತ. ಆದರೆ ಕುರಿಮರಿಯನ್ನು ಹೆಗಲಿಗೇರಿಸಿಕೊಂಡು ಎರಡೂ ಕೈಯಲ್ಲಿ ಅದರ ಕಾಲು ಹಿಡಿದ ಭಂಗಿ ಇದೆಯಲ್ಲ, ಅದು ಅಲ್ಲಿಯೂ ಇಲ್ಲಿಯೂ ಒಂದೇ. ಸಂಜೆ ಮಂದೆ ಮರಳುವಾಗ ಅದೇ ದಿನ ಹುಟ್ಟಿದ ಮರಿಯನ್ನು ಹೀಗೆ ಹೊತ್ತು ತರುವುದನ್ನು ನೀವೆಲ್ಲ ನೋಡಿದ್ದೀರಿ. ಮಗುವಿನ ಕಣ್ಣು ಅದನ್ನು ಹಿಡಿದುಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ.

ಎಲೀಯನ ಕಥೆಯ ಕಾಗೆಗಳನ್ನು ನೆನೆದರೆ ನನಗೆ ಇನ್ನೂ ಮೈನವಿರೇಳುತ್ತದೆ. ಬರಗಾಲದಲ್ಲಿ ಹಳ್ಳದ ಬಳಿ ಅಡಗಿದ್ದ ಪ್ರವಾದಿಗೆ ಕಾಗೆಗಳು ಬೆಳಿಗ್ಗೆ ಸಂಜೆ ರೊಟ್ಟಿ, ಮಾಂಸ ತಂದುಕೊಡುತ್ತವೆ. ನಮ್ಮ ಮನೆಗಳಲ್ಲಿ ತಿಥಿಯ ದಿನ ಎಡೆಯನ್ನು ಮಾಳಿಗೆಯ ಮೇಲಿಟ್ಟು ಕಾಗೆಗಾಗಿ ಕಾಯುತ್ತೇವೆ. ಕಾಗೆ ಮುಟ್ಟಿದರೆ ಹಿರಿಯರಿಗೆ ಮುಟ್ಟಿತು ಎಂಬ ಸಮಾಧಾನ. ಇಂಥ ಮನೆಯ ಮಗು ಕಾಗೆ ಮನುಷ್ಯನಿಗೆ ಉಣಿಸುವ ಚಿತ್ರ ನೋಡಿದಾಗ ಏನು ಅಂದುಕೊಂಡಿರಬಹುದು? ಕೆತ್ತಿದವನ ಮನಸ್ಸಿನಲ್ಲಿ ಇರದಿದ್ದ ಒಂದು ಅರ್ಥ ಅಲ್ಲಿ ಹುಟ್ಟಿರಲೇಬೇಕು.

ಇಲ್ಲಿ ಒಂದು ಸೂಕ್ಷ್ಮವಾದ ಮಾತನ್ನು ಮರೆಮಾಚದೆ ಹೇಳಬೇಕು. ಮೂರ್ತಿಪೂಜೆಯನ್ನು ಖಂಡಿಸಿದ ಮಿಷನರಿಗಳೇ ಮಕ್ಕಳ ಕೈಗೆ ದೇವರ ಕಥೆಯ ಚಿತ್ರಗಳನ್ನು ಕೊಟ್ಟರು. ಅವರ ಮಟ್ಟಿಗೆ ಅದರಲ್ಲಿ ವಿರೋಧವಿರಲಿಲ್ಲ. ಪುಸ್ತಕದ ಚಿತ್ರ ಪಾಠಕ್ಕೆ, ಪೂಜೆಗಲ್ಲ. ಪುಟ ತಿರುಗಿಸಿದರೆ ಅದು ಮುಗಿಯಿತು. ಆದರೆ ಮಿಷನ್ ಶಾಲೆಗಳಲ್ಲಿ ಕಲಿತವರಲ್ಲಿ ಬಹುಪಾಲು ಹಿಂದೂ ಮನೆಗಳ ಮಕ್ಕಳು. ಬಹುಮಾನವಾಗಿ ಬಂದ ಚಿತ್ರವನ್ನು ಅವರು ಮನೆಗೆ ತಂದಾಗ ಅದು ಎಲ್ಲಿ ಕೂತಿತು? ಇಲ್ಲಿನ ಮನೆಗಳಲ್ಲಿ ದೇವರ ಚಿತ್ರವನ್ನು ಕಾಲು ತಾಗುವ ಜಾಗದಲ್ಲಿ ಇಡುವುದಿಲ್ಲ. ಅದು ಯಾವ ದೇವರೆಂದು ಅಜ್ಜಿ ಕೇಳುವುದೂ ಇಲ್ಲ. ಮತಾಂತರದ ವಾದ, ಪ್ರತಿವಾದಗಳು ತಮ್ಮ ಜಾಗದಲ್ಲಿರಲಿ, ಅವುಗಳನ್ನು ಬಲ್ಲವರು ಬರೆದಿದ್ದಾರೆ. ಚಿತ್ರ ಮಾತ್ರ ವಾದಕ್ಕೆ ನಿಲ್ಲದೆ ಮಕ್ಕಳ ಕೈಯಲ್ಲಿ ತನ್ನ ಪಾಡಿಗೆ ಬದುಕಿತು.

ನಾಲ್ಕನೆಯದು, ನಮ್ಮ ಕೆತ್ತನೆಗಾರರ ಪ್ರಶ್ನೆ. ಇದನ್ನು ಹೇಳುವಾಗ ನನಗೆ ನೋವಿದೆ.

ಈ ಬ್ಲಾಕುಗಳು ಹಡಗಿನಲ್ಲಿ ಬರುತ್ತಿದ್ದ ಕಾಲಕ್ಕೆ ನಮ್ಮ ಬಯಲುಸೀಮೆಯಲ್ಲಿ ಉಳಿ ಹಿಡಿದವರಿಗೆ ಬರವಿರಲಿಲ್ಲ. ತೇರಿನ ಗಡ್ಡೆಗೆ ರಾಮಾಯಣ ಕೆತ್ತುವ ಆಚಾರರಿದ್ದರು. ಕಿಳ್ಳೇಕ್ಯಾತರು ಊರೂರು ತಿರುಗಿ ತೊಗಲುಗೊಂಬೆ ಆಡಿಸುತ್ತಿದ್ದರು. ಒಂದು ತೊಗಲುಗೊಂಬೆಯನ್ನು ದೀಪದ ಮುಂದೆ ಹಿಡಿದು ನೋಡಿ. ಹದಮಾಡಿದ ಆಡಿನ ತೊಗಲು, ಅದರ ಮೇಲೆ ಸಣ್ಣ ಉಳಿಗಳಿಂದ ಕೊಚ್ಚಿದ ಸಾಲುಸಾಲು ತೂತು. ರಾವಣನ ಸರ, ಸೀತೆಯ ಸೆರಗಿನ ಅಂಚು, ಹನುಮಂತನ ಬಾಲದ ರೋಮ ಎಲ್ಲವೂ ಬೆಳಕಿನ ಚುಕ್ಕಿಗಳು. ಉಳಿ ತೆಗೆದ ಜಾಗದಲ್ಲಿ ಬೆಳಕು, ಬಿಟ್ಟ ಜಾಗದಲ್ಲಿ ನೆರಳು. ಬ್ಯುಯಿಕ್ ಮರದ ಮೇಲೆ ಮಾಡಿದ್ದೂ ಇದೇ ಲೆಕ್ಕ! ಕರ್ನಾಟಕದ ಗೊಂಬೆಗಳಲ್ಲಿ ಒಂದೇ ತೊಗಲಿನಲ್ಲಿ ಇಡೀ ದೃಶ್ಯವನ್ನು, ರಥ, ಕುದುರೆ, ಸಾರಥಿ, ವೀರ ಎಲ್ಲರನ್ನೂ ಕೂಡಿಸುವ ದೊಡ್ಡ ಫಲಕಗಳೂ ಇವೆ. ಅವು ಪುಸ್ತಕದ ಒಂದು ಪುಟದಂತೆಯೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ಸಂಗ್ರಹಿಸಿದ ಗೊಂಬೆಗಳಿವೆ. ವಿದ್ಯಾರ್ಥಿಗಳು ಒಮ್ಮೆ ಹೋಗಿ ನೋಡಬೇಕು.

ನಮ್ಮ ಉಳಿಯೂ ಅಚ್ಚುಕೂಟವೂ ಒಂದೇ ಸೀಮೆಯಲ್ಲಿದ್ದೂ ಭೇಟಿಯಾಗಲಿಲ್ಲ. ಕಲ್ಕತ್ತದಲ್ಲಿ ಹಾಗಾಗಲಿಲ್ಲ. ಅಲ್ಲಿ 1816ರಲ್ಲೇ ಬಂಗಾಳಿಯ ಅನ್ನದಾಮಂಗಲ ಕಾವ್ಯಕ್ಕೆ ಊರಿನ ಕೆತ್ತನೆಗಾರರ ಚಿತ್ರಗಳು ಬಂದವು. ಮುಂದೆ ಬಟತಲಾದ ಬೀದಿ ಅಚ್ಚುಕೂಟಗಳಲ್ಲಿ ದೊಡ್ಡ ಪರಂಪರೆಯೇ ಬೆಳೆಯಿತು. ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಕಲಾಶಾಲೆಯಲ್ಲಿ ಮರದಚ್ಚಿನ ಕೆಲಸ ಕಲಿಸುತ್ತಿದ್ದರು. ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಂಥ ಅದ್ಭುತ ಚಿತ್ರಸಂಪುಟ ಅರಮನೆಯ ಹಸ್ತಪ್ರತಿಯಾಗಿ ಉಳಿಯಿತು. ಗುಬ್ಬಿಯ ಶಾಲಾಮಗುವಿನ ತನಕ ಇಳಿಯಲಿಲ್ಲ. ಮಿಷನ್ನಿನವರು ಗೊಂಬೆಯವನನ್ನು ಕರೆದು ಮೋಶೆಯನ್ನು ಕೆತ್ತಿಸಬಹುದಿತ್ತು. ನಮ್ಮ ಪುರಾಣದ ಪ್ರಕಾಶಕರು ತೇರಿನ ಆಚಾರಿಯನ್ನು ಕರೆದು ಧ್ರುವನನ್ನೋ ಪ್ರಹ್ಲಾದನನ್ನೋ ಕೆತ್ತಿಸಬಹುದಿತ್ತು. ಹಾಗಾಗಿದ್ದರೆ ಕನ್ನಡದ ಮಕ್ಕಳ ಪುಸ್ತಕಕ್ಕೆ ತನ್ನದೇ ಗೆರೆ ಬಹಳ ಮೊದಲೇ ಸಿಗುತ್ತಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಫೋಟೋದಿಂದ ನೇರವಾಗಿ ಜಿಂಕಿನ ಮೇಲೆ ಲೈನ್ ಬ್ಲಾಕ್, ಹಾಫ್‌ಟೋನ್ ಬ್ಲಾಕ್ ಮಾಡುವುದು ಬಂದ ಮೇಲೆ, 19ನೆಯ ಶತಮಾನದ ಕೊನೆಯ ಹೊತ್ತಿಗೆ, ಮರದಚ್ಚಿನ ಕಾರ್ಯಾಗಾರಗಳು ಮುಚ್ಚತೊಡಗಿದವು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಅಚ್ಚುಕೂಟದಿಂದ ಬಣ್ಣದ ದೇವರುಗಳು ಮನೆಮನೆಗೆ ಬಂದರು. ಎಂ. ಟಿ. ವಿ. ಆಚಾರ್ಯರಂಥ ಕನ್ನಡಿಗ ಚಿತ್ರಕಾರರು ಚಂದಮಾಮದಲ್ಲಿ ಮಹಾಭಾರತವನ್ನು ಮಕ್ಕಳ ಕಣ್ಣಿಗೆ ಕಟ್ಟಿದರು. 1960ರ ದಶಕದಲ್ಲಿ ಅಮರ ಚಿತ್ರ ಕಥೆ ಬೆಂಗಳೂರಿನಲ್ಲಿ ಕನ್ನಡದಲ್ಲಿ ಆರಂಭವಾದಾಗ ಮೊದಲ ಸಂಚಿಕೆಗಳು ಪಾಶ್ಚಾತ್ಯ ಕಥೆಗಳು. ಪರದೇಶದ ಚಿತ್ರ, ಕನ್ನಡದ ಮಾತು. ಮಂಗಳೂರಿನ ಕಥೆ ಇನ್ನೊಮ್ಮೆ ನಡೆಯಿತು. ಆದರೆ ಈ ಸಲ ಚಿತ್ರವನ್ನೂ ನಮ್ಮದಾಗಿಸಬೇಕೆಂದು ಬಲುಬೇಗ ಹೊಳೆದದ್ದು ಸಂತೋಷದ ಸಂಗತಿ.

ಕಡೆಯದಾಗಿ ಉಳಿಸಿಕೊಳ್ಳುವ ವಿಷಯ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿನ ಕಾಲದ ಪುಸ್ತಕಗಳನ್ನು ಜೋಪಾನ ಮಾಡಿದ್ದಾರೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗುಂಡರ್ಟರ ಸಂಗ್ರಹವನ್ನು ಮಲಯಾಳಂ ಜೊತೆಗೆ ಕನ್ನಡ, ತುಳು ಪುಸ್ತಕಗಳನ್ನೂ ಸೇರಿಸಿ ಗಣಕಕ್ಕೆ ಏರಿಸಿ ಎಲ್ಲರಿಗೂ ತೆರೆದಿಟ್ಟಿದೆ. ಅವು ಅಚ್ಚುಕಟ್ಟಾದ ಪ್ರತಿಗಳು. ನಾನು ಕೇಳಿಕೊಳ್ಳುವುದು ಮನೆಯ ಅಟ್ಟದ ಮೇಲಿನ ಹರಿದ ಪ್ರತಿಗಳ ಬಗ್ಗೆ. ಗ್ರಂಥಾಲಯದ ಪ್ರತಿಯಲ್ಲಿ ಮಕ್ಕಳ ಗೀಚು ಇರುವುದಿಲ್ಲ. ಮನೆಯ ಪ್ರತಿಯಲ್ಲಿ ಇರುತ್ತದೆ.

ಅಂಥದ್ದು ಸಿಕ್ಕರೆ ದಯವಿಟ್ಟು ಸೆಲ್ಲೋ ಟೇಪು ಅಂಟಿಸಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಮಾಡಿಸಬೇಡಿ, ಅದನ್ನು ಬಿಡಿಸಲಾಗುವುದಿಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ ತನ್ನದೇ ಹುಳಿಯಿಂದ ಹಪ್ಪಳದಂತೆ ಮುರಿಯುತ್ತದೆ. ಚಿಂದಿಬಟ್ಟೆಯಿಂದ ಮಾಡಿದ ಇನ್ನೂ ಹಳೆಯ ಕಾಗದವೇ ಗಟ್ಟಿ. ಮಸಿ ಮಾತ್ರ ಹೆದರಿಸುವುದಿಲ್ಲ. ಕಾಡಿಗೆಯ ಕಪ್ಪು, ಅಗಸೆ ಎಣ್ಣೆ. ಅದು ಕಾಗದವಿರುವ ತನಕ ಇರುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಡೆ ಮಲಗಿಸಿ ಇಡಿ. ಪುಟಪುಟದ ಫೋಟೋ ತೆಗೆಯಿರಿ. ಖಾಲಿ ಪುಟಗಳನ್ನೂ, ಗೀಚಿದ ಪುಟಗಳನ್ನೂ ಬಿಡಬೇಡಿ. ಈ ಕಾಲೇಜಿನ ಕನ್ನಡ ವಿಭಾಗ ಒಂದು ಪಟ್ಟಿ ಆರಂಭಿಸುವುದಾದರೆ ಮೊದಲ ಪುಸ್ತಕ ನಾನು ಕೊಡುತ್ತೇನೆ.

ಅದನ್ನು ಕೊಡುವ ಮೊದಲು ಒಂದು ಪುಟವನ್ನು ನಿಮಗೆ ತೋರಿಸಬೇಕು. ಉಪನ್ಯಾಸ ಮುಗಿದ ಮೇಲೆ ಮಕ್ಕಳು ಮುಂದೆ ಬಂದು, ಕೈ ಒರೆಸಿಕೊಂಡು, ನಿಧಾನವಾಗಿ ಮುಟ್ಟಿ ನೋಡಿ. ಮೋಶೆಯ ಚಿತ್ರವಿರುವ ಹಾಳೆಯನ್ನು ಮಗುಚಿ ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ. ಅಚ್ಚಿನ ಬ್ಲಾಕು ಒತ್ತಿದ ಗುರುತು ಹಿಂಬದಿಯಲ್ಲಿ ಉಬ್ಬಿ ನಿಂತಿದೆ. ಪೆಟ್ಟಿಗೆಯ ಅಂಚು, ಬಾಗಿದ ತೋಳು, ನೀರಿನ ಗೆರೆಗಳು ಬೆರಳಿಗೆ ಸಿಗುತ್ತವೆ. ಅವುಗಳ ಮೇಲೆ, ಹಣೆ ಇರಬೇಕಾದ ಜಾಗದಲ್ಲಿ, ಉಳಿದೆಲ್ಲ ಗೆರೆಗಳಿಗಿಂತ ಎತ್ತರವಾಗಿ, ಸಾಸಿವೆ ಕಾಳಿನಷ್ಟು ಒಂದು ಉಬ್ಬು ಇದೆ. ಅದು ಪೆನ್ಸಿಲಿನದು.